ಮಾರಾಟವಾಗದ ಕಲ್ಲುಗಳ ಮನೆ: ಒಂದು ರಿಪೇರಿ ಡೈರಿ

ಮೊದಲೇ ಹೇಳಿಬಿಡುತ್ತೇನೆ, ಈ ಮನೆಗೆ ಸಿಮೆಂಟ್ ಬಳಿಸಿದವನು ನಾನೇ. 2015ರಲ್ಲಿ ಹೊಸದಾಗಿ ನೌಕರಿ ಹತ್ತಿತ್ತು, ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು, ಊರ ಮನೆಯ ಮಣ್ಣು ಉದುರುವ ಗೋಡೆ ಕಂಡರೆ ನಾಚಿಕೆಯಾಗುತ್ತಿತ್ತು. ಪಡಸಾಲೆಯ ಒಳಗೋಡೆಗೆ ನೆಲದಿಂದ ನಾಲ್ಕು ಅಡಿವರೆಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಆಯಿಲ್ ಪೇಂಟ್ ಹೊಡೆಸಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ಪೇಂಟು ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಮೂರನೇ ವರ್ಷ ಗಿಲಾವಿನ ಮೇಲಂಚಿನಲ್ಲಿ, ಅಂದರೆ ಮೊದಲು ಯಾವತ್ತೂ ಒದ್ದೆಯಾಗದಿದ್ದ ಎತ್ತರದಲ್ಲಿ, ಬಿಳಿ ಉಪ್ಪು ಗೆರೆ ಎಳೆದಂತೆ ಕಾಣಿಸಿಕೊಂಡಿತು. ಅಲ್ಲಿ ಕಲ್ಲನ್ನು ಉಗುರಿನಿಂದ ಗೀರಿದರೆ ಪುಡಿ ಬರುತ್ತಿತ್ತು.

ಮನೆ ಇರುವುದು ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಸೈಕಲ್ ತುಳಿದು ಹೋಗುವಷ್ಟು ದೂರದ ಹಳ್ಳಿಯಲ್ಲಿ. ಕಟ್ಟಿದವನು ನನ್ನ ಮುತ್ಯಾ, ಅಂದರೆ ಅಜ್ಜ, ಖಣಿಯಲ್ಲಿ ಫರಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಒಡೆಯುವ ಕೂಲಿ. ಕಟ್ಟಿದ ಇಸವಿಗೆ ಕಾಗದ ಪತ್ರ ಏನೂ ಇಲ್ಲ. "ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಪಾಯಾ ತಗದ್ರು" ಅಂತ ಆಯಿ ಹೇಳುತ್ತಿದ್ದಳು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ, ಆ ಲೆಕ್ಕ ಹಿಡಿದರೆ 1949. ಒಂದು ಪಡಸಾಲೆ, ಒಂದು ಅಡುಗೆಮನೆ, ಮುಂದೆ ಒಂದು ಕಟ್ಟೆ, ಅಷ್ಟೇ.

ಈ ಜನವರಿಯಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಪಡುವಣ ಗೋಡೆ ಹೊಟ್ಟೆ ಬಿಟ್ಟಿತು. ಕಾಕಾ ಆರ್‌ಸಿಸಿ ಮನೆಯ ನಕ್ಷೆ ಮಾಡಿಸಿಕೊಂಡು ಬಂದ. ಹಳೇ ಮನೆ ಕೆಡವಿದರೆ ಕಲ್ಲಿಗೆ ಟ್ರ್ಯಾಕ್ಟರ್ ಲೆಕ್ಕದಲ್ಲಿ ಗಿರಾಕಿ ಇದ್ದಾರೆ ಎಂದು ಒಬ್ಬ ಕಂತ್ರಾಟುದಾರ ಅವನ ಕಿವಿಯಲ್ಲಿ ಊದಿದ್ದ. "ಇದರಾಗ ಉಳಿಸೋವಂಥಾದ್ದು ಏನದನೋ ತಮ್ಮಾ? ಗೋಲಗುಂಬಜ್ ಏನು ಇದು?" ಎಂದ ಕಾಕಾ. ನನ್ನಲ್ಲಿ ಆಗ ಉತ್ತರ ಇರಲಿಲ್ಲ. ಮಳೆ ಬರುವವರೆಗೆ ಟೈಮ್ ಕೊಡು, ಕಡಿಮೆ ಖರ್ಚಿನಲ್ಲಿ ನಿಲ್ಲಿಸಿ ತೋರಿಸುತ್ತೇನೆ ಎಂದು ಮಾತ್ರ ಹೇಳಿದೆ. ಮುಂದಿನ ಐದು ತಿಂಗಳ ಶನಿವಾರ-ಭಾನುವಾರಗಳ ಲೆಕ್ಕ ಇದು.

ಮೊದಲು ಮಾಳಿಗೆ. ಹೊಟ್ಟೆ ಬಿಟ್ಟ ಗೋಡೆ ಕಂಡ ಕೂಡಲೇ ಎಲ್ಲರೂ ಗೋಡೆಗೇ ಕೈ ಹಾಕುತ್ತಾರೆ, ನಾನೂ ಹಾಕುವವನಿದ್ದೆ. ನಮ್ಮೂರಿನ ಹಳೇ ಗೌಂಡಿ ಒಬ್ಬರಿದ್ದಾರೆ, ನಾವೆಲ್ಲ ಮಾಮಾ ಅಂತ ಕರೆಯುತ್ತೇವೆ. ಬಂದವರು ಗೋಡೆ ನೋಡಲೇ ಇಲ್ಲ, ನೆಟ್ಟಗೆ ಏಣಿ ಹತ್ತಿದರು. ಬೇವಿನ ತೊಲೆ, ಅದರ ಮೇಲೆ ಎರಡಿಂಚಿನ ಫರಸಿ, ಅದರ ಮೇಲೆ ಚೌಳು ಮಣ್ಣು, ಇದು ನಮ್ಮ ಕಡೆಯ ಮಾಳಿಗೆ. ಚೌಳು ಮಣ್ಣು ಒದ್ದೆಯಾದರೆ ಸಂದು ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಸೋರಿದ ವರ್ಷವೆಲ್ಲ ಮೇಲೆ ಒಂದು ಪದರ ಹೊಸ ಮಣ್ಣು ಹಾಕುವುದು ರೂಢಿ, ಹಳೆಯದನ್ನು ತೆಗೆಯುವ ರೂಢಿ ಮಾತ್ರ ಯಾರಿಗೂ ಇಲ್ಲ. ಮಾಮಾ ಸಬ್ಬಲ್ ಚುಚ್ಚಿ ನೋಡಿದರೆ 14 ಇಂಚು. ಪಡಸಾಲೆ 10 ಅಡಿಗೆ 12 ಅಡಿ. ಅಂದರೆ 140 ಘನ ಅಡಿ ಮಣ್ಣು, ಸರಿಸುಮಾರು ನಾಲ್ಕು ಘನ ಮೀಟರ್. ಒಂದು ಘನ ಮೀಟರಿಗೆ 1.6 ಟನ್ ಹಿಡಿದರೂ ತಲೆಯ ಮೇಲೆ ಆರು ಟನ್ನಿಗೂ ಹೆಚ್ಚು ಭಾರ ಹೊತ್ತುಕೊಂಡು ನಾವು ಅದರ ಕೆಳಗೆ ಹಬ್ಬ ಮಾಡುತ್ತಿದ್ದೆವು.

ಎರಡು ವಾರ ಬುಟ್ಟಿಯಲ್ಲಿ ಮಣ್ಣು ಇಳಿಸಿದೆವು. ಅರ್ಧ ಅಡಿ ಉಳಿಸಿಕೊಂಡೆವು. ಕುಂಬಿಯ ಪಡುವಣ ಮೂಲೆಯಲ್ಲಿ ನೀರು ಹೊರಗೆ ಬೀಳಲೆಂದು ಇಟ್ಟಿದ್ದ ಕಲ್ಲಿನ ದೋಣಿ ಮಣ್ಣಿನಡಿ ಸಿಕ್ಕಿತು, ಬಾಯಿಯೆಲ್ಲ ಕಟ್ಟಿಹೋಗಿತ್ತು. ಅಲ್ಲಿ ನಿಂತ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯ ಹೊಟ್ಟೆಗೇ ಇಳಿದಿತ್ತು. ರೋಗ ಗೋಡೆಯದಲ್ಲ, ದೋಣಿಯದು.

ಗೋಡೆ ಬಿಚ್ಚಿದ್ದು ಫೆಬ್ರುವರಿಯಲ್ಲಿ. ತೊಲೆಗೆ ಎರಡು ಕಡೆ ಜಾಕ್ ಕೊಟ್ಟು, ಉಬ್ಬಿದ ಜಾಗದಲ್ಲಿ ಆರಡಿ ಅಗಲ ಬಿಚ್ಚಿದೆವು. ಬಿಚ್ಚುವ ಮೊದಲು ಪ್ರತಿ ಕಲ್ಲಿಗೂ ಸೀಮೆಸುಣ್ಣದಿಂದ ನಂಬರು, ಪ್ರತಿ ಸಾಲಿಗೂ ಒಂದು ಫೋಟೊ. ಗೋಡೆ ಎರಡಡಿ ದಪ್ಪ. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಮಣ್ಣು ಮತ್ತು ಚೂರುಗಲ್ಲು. ಅಲ್ಲಲ್ಲಿ ಎರಡೂ ಮುಖ ಹಿಡಿದಿಡಲು ಆರಪಾರ ಹಾಕಿದ ಉದ್ದನೆಯ ಕಲ್ಲು. ಮಳೆನೀರು ನಡುವಿನ ಮಣ್ಣನ್ನು ಕರಗಿಸಿ ಕೆಳಗೆ ತಂದು ಗುಡ್ಡೆ ಹಾಕಿತ್ತು, ಆ ಗುಡ್ಡೆ ಹೊರಮುಖವನ್ನು ದೂಡಿತ್ತು. ಉದ್ದ ಕಲ್ಲು ಇದ್ದ ಕಡೆ ಗೋಡೆ ಅಲುಗಾಡಿರಲಿಲ್ಲ. ಇಲ್ಲದ ಕಡೆಯೇ ಹೊಟ್ಟೆ.

ಕಾಕಾನ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಇಲ್ಲಿ, ಕಲ್ಲುಗಳಿಗೆ ನಂಬರು ಬರೆಯುವಾಗ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಕೂತಿರುತ್ತದೆ. ಖಣಿಯಲ್ಲಿ ಸಬ್ಬಲ್ಲು, ಸುತ್ತಿಗೆ, ಛೀಣಿ ಇಷ್ಟೇ ಇಟ್ಟುಕೊಂಡು ಪದರ ಎಬ್ಬಿಸುತ್ತಾರೆ. ಒಂದು, ಒಂದೂವರೆ ಇಂಚಿನ ಪದರ ನೀಟಾಗಿ ಎದ್ದು, ನಾಲ್ಕೂ ಮೂಲೆ ಉಳಿದುಕೊಂಡರೆ ಅದು ಫರಸಿ, ಅದು ಮಾಲು, ಅದು ರೈಲು ಹತ್ತುತ್ತದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆ 1871ರಲ್ಲಿ ರಾಯಚೂರಿನವರೆಗೆ ಬಂದಾಗಿನಿಂದ, 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ಲೈನು ಬಿದ್ದಾಗಿನಿಂದ ಈ ಕಲ್ಲಿಗೆ ದೂರದ ಊರುಗಳ ದಾರಿ ಸಿಕ್ಕಿತು. ಮುತ್ಯಾ ಒಡೆದ ಒಳ್ಳೆಯ ಕಲ್ಲೆಲ್ಲ ಹಾಗೆ ಹೋದವು. ಯಾರ ಬಂಗಲೆ, ಯಾವ ಸ್ಟೇಷನ್ನಿನ ನೆಲವಾದವೋ.

ಮನೆಗೆ ಬಂದದ್ದು ಹೋಗದ ಕಲ್ಲು. ಗೋಡೆಯಲ್ಲಿ ಇರುವುದು ಮೂರರಿಂದ ಆರಿಂಚು ಮಂದದವು, ಫರಸಿಗೆ ಬಾರದೆ ಖಣಿಯ ದಂಡೆಯಲ್ಲಿ ಬಿಸಾಡಿದವು. ನೆಲಕ್ಕೆ ಹಾಸಿದ್ದು ಮೂಲೆ ಮುರಿದವು, ಸೀಳಿದವು, ಅಳತೆಗೆ ಕೂಡದವು. ಮಾಡಗಳಿಗೆ ಹಾಕಿದ್ದು ತೀರಾ ತೆಳುವಾದವು. ಸಂದಿನ ಗಚ್ಚಿಗೆ ಬೆರೆಸಿದ್ದು ಕಲ್ಲಿನ ಪುಡಿ. ಒಂದೊಂದು ಸಾಲಿನ ಎತ್ತರ ಅಳೆದು ಬರೆದುಕೊಂಡೆ: ಬುಡದಲ್ಲಿ ಆರಿಂಚು, ಮೇಲೆ ಹೋದಂತೆ ಐದು, ನಾಲ್ಕು, ಮೂರು. ಭಾರದ ಕಲ್ಲು ಕೆಳಗೆ ಇರಲಿ ಅನ್ನುವ ಲೆಕ್ಕವೂ ಇರಬಹುದು, ಎತ್ತರಕ್ಕೆ ಎತ್ತುವ ತ್ರಾಸವೂ ಇರಬಹುದು. ಕೂಲಿ ಮುಗಿಸಿ ಸಂಜೆ ತಲೆಯ ಮೇಲೆ ಹೊತ್ತು ತಂದವನಿಗೆ ಎರಡೂ ಗೊತ್ತಿರುತ್ತದೆ.

ಇದೇ ಕಲ್ಲಿನ ದೊಡ್ಡ ಕಥೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ ಭೀಮಾ ದಂಡೆಯ ಕನಗನಹಳ್ಳಿಯಲ್ಲಿ 1994ರಿಂದ ಅಗೆದಾಗ ಸಿಕ್ಕ ಬೌದ್ಧ ಸ್ತೂಪದ ಶಿಲ್ಪಗಳೆಲ್ಲ ಈ ಸೀಮೆಯ ಸುಣ್ಣದ ಕಲ್ಲಿನವೇ, ಅಶೋಕನ ಹೆಸರು ಕೆತ್ತಿದ ಫಲಕವೂ ಸೇರಿ. ಅಲ್ಲಿ ಬೋರ್ಡು ಇದೆ, ಬೇಲಿ ಇದೆ, ಇರಲೇಬೇಕು. 1958ರ ಕೇಂದ್ರ ಕಾಯ್ದೆಯಲ್ಲಿ ಪ್ರಾಚೀನ ಸ್ಮಾರಕ ಅನಿಸಿಕೊಳ್ಳಬೇಕಾದರೆ ಕನಿಷ್ಠ ನೂರು ವರ್ಷ ಆಗಿರಬೇಕು. ಮುತ್ಯಾನ ಮನೆಗೆ ಇನ್ನೂ ಇಪ್ಪತ್ತು-ಇಪ್ಪತ್ತೈದು ವರ್ಷ ಕಡಿಮೆ ಬೀಳುತ್ತದೆ, ನೂರಾದರೂ ಎರಡು ಕೋಣೆಯ ಕೂಲಿಯವನ ಮನೆಗೆ ಬೋರ್ಡು ನೆಡಲು ಯಾರೂ ಬರುವುದಿಲ್ಲ. ಹಳೇ ಕಟ್ಟಡ ಉಳಿಸುವವರು ಜಗತ್ತಿನಾದ್ಯಂತ ಮುಂದಿಟ್ಟುಕೊಳ್ಳುವ ಬರ್ರಾ ಚಾರ್ಟರ್ ಎಂಬ ನಿಯಮಾವಳಿಗೆ 1979ರಲ್ಲಿ ಒಪ್ಪಿಗೆ ಸಿಕ್ಕಿದ್ದು ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಅನ್ನುವ ತಾಮ್ರದ ಗಣಿ ಊರಿನಲ್ಲಿ. ಗಣಿ ಕೂಲಿಗಳಿಗೆಂದು ಕಟ್ಟಿದ ಕಲ್ಲಿನ ಸಾಲುಮನೆಗಳನ್ನು ಆ ಊರು ಇವತ್ತಿಗೂ ಉಳಿಸಿಕೊಂಡಿದೆ. ಎಷ್ಟು ಬೇಕೋ ಅಷ್ಟು ಬದಲಿಸು, ಆದಷ್ಟು ಕಡಿಮೆ ಬದಲಿಸು ಅನ್ನುವುದು ಅದರ ತಿರುಳು. ಇದನ್ನು ಮಾಮಾಗೆ ಹೇಳಿದೆ. "ಅದಕ್ಕ ಆಸ್ಟ್ರೇಲಿಯಾಕ್ಕ ಯಾಕ ಹೋಗ್ಬೇಕು, ರೊಕ್ಕ ಇಲ್ದವರೆಲ್ಲ ಹಂಗೇ ಮಾಡ್ತಾರ" ಅಂದರು.

ಈಗ ಸುಣ್ಣದ ಕೆಲಸ. ಇದಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು, ಎಲ್ಲಕ್ಕಿಂತ ಹೆಚ್ಚು ತಪ್ಪೂ ಇಲ್ಲೇ ಆಯಿತು.

ಹಳೇ ಗಚ್ಚಿನಲ್ಲಿ ಸುಣ್ಣಕ್ಕೆ ಮರಳು ಎಷ್ಟಿತ್ತು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಗಚ್ಚಿನ ಚೂರನ್ನು ತೂಗಿ, ನೀರು ಬೆರೆಸಿದ ಆ್ಯಸಿಡ್‌ನಲ್ಲಿ ಹಾಕಿದರೆ ಸುಣ್ಣ ಬುಸಬುಸ ಎಂದು ಕರಗಿ ಮರಳು ತಳದಲ್ಲಿ ಉಳಿಯುತ್ತದೆ. ಉಳಿದದ್ದನ್ನು ತೂಗಿದರೆ ಲೆಕ್ಕ ಸಿಕ್ಕಿತು. ನಾನು ಬಲು ಜಾಣತನದಿಂದ ಮಾಡಿದೆ. ಗ್ಲಾಸಿನ ತಳದಲ್ಲಿ ಉಳಿದದ್ದು ಒಂದು ಚಿಟಿಕೆ ಕೆಸರು. ಆಮೇಲೆ ಹೊಳೆಯಿತು, ಮುತ್ಯಾ ಮರಳಿನ ಬದಲು ಹಾಕಿದ್ದೇ ಸುಣ್ಣದ ಕಲ್ಲಿನ ಪುಡಿ, ಅದೂ ಆ್ಯಸಿಡ್‌ನಲ್ಲಿ ಕರಗಿಯೇ ಹೋಗುತ್ತದೆ! ಕೊನೆಗೆ ಭೂತಗನ್ನಡಿ ಹಿಡಿದು ಕಾಳು ನೋಡಿ ಅಂದಾಜು ಮಾಡಬೇಕಾಯಿತು. (ಇದೇ ಕಾರಣಕ್ಕೆ ಫರಸಿ ನೆಲಕ್ಕೆ ನಿಂಬೆಹಣ್ಣಿನ ರಸವಾಗಲಿ ಟೈಲ್ಸ್ ತೊಳೆಯುವ ಆ್ಯಸಿಡ್ ಆಗಲಿ ಬೀಳಬಾರದು. ಬಿದ್ದ ಕಡೆ ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಫಿನಾಯಿಲ್‌ವರೆಗೆ ಸುಮ್ಮನಿದ್ದ ನಮ್ಮ ಚಿಕ್ಕಮ್ಮ ಒಂದು ದೀಪಾವಳಿಗೆ ಆ್ಯಸಿಡ್ ತಂದಿದ್ದಳು, ಆ ಮಚ್ಚೆ ಇನ್ನೂ ಇದೆ.)

ಸುಣ್ಣದ ಹರಳು ತಂದು ಅಂಗಳದ ಗುಂಡಿಯಲ್ಲಿ ಅರಳಿಸಿದೆವು. ಹರಳಿಗೆ ನೀರು ಬಿದ್ದರೆ ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಅಂಗಳದಿಂದಲೇ ದೂರ ಇಡಿ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ ಮೂರು ವಾರ ಬಿಟ್ಟೆವು. ಬೆಣ್ಣೆಯಂತಾಯಿತು.

ಮೊದಲು ಊರಿನ ಭಟ್ಟಿಯಲ್ಲೇ ಸುಡುತ್ತಿದ್ದ ಸುಣ್ಣಕ್ಕೂ ಈಗ ಅಂಗಡಿಯಲ್ಲಿ ಸಿಗುವುದಕ್ಕೂ ವ್ಯತ್ಯಾಸ ಇದೆ. ಜೇಡಿಮಣ್ಣಿನ ಅಂಶ ಬೆರೆತ ಕಲ್ಲನ್ನು ಸುಟ್ಟರೆ ಬರುವ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ. ನಾನು ತಂದದ್ದು ಅಚ್ಚ ಬಿಳಿ ಸುಣ್ಣ, ಗಾಳಿ ತಾಗಿದಷ್ಟೇ ಗಟ್ಟಿ. ಅದಕ್ಕೆ ಸುರ್ಕಿ, ಅಂದರೆ ಸುಟ್ಟ ಮಣ್ಣಿನ ಪುಡಿ ಬೇಕು. ಈಗಿನ ಕೆಂಪಗೆ ಬೆಂದ ಇಟ್ಟಿಗೆ ಕುಟ್ಟಿದರೆ ಉಪಯೋಗವಿಲ್ಲ, ಹದವಾಗಿ ಸುಟ್ಟ ಮಣ್ಣೇ ಆಗಬೇಕು. ಕುಂಬಾರರ ಮನೆಯ ಹಿತ್ತಲಿನ ಒಡಕು ಮಡಕೆ ಚೀಲಗಟ್ಟಲೆ ತಂದು ಕುಟ್ಟಿ ಜರಡಿ ಹಿಡಿದೆವು. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು. ಮೊದಲೆಲ್ಲ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು. ನಮ್ಮದು ಒನಕೆ ಮತ್ತು ನನ್ನ ತೋಳು. ಬೆಲ್ಲದ ನೀರು ಹಾಕಿದರೆ ಜಿಗುಟು ಬರುತ್ತದೆ ಎಂದು ಮಾಮಾ ಒಂದು ಹಿಡಿ ಹೇಳಿದರು, ನಾನು ಉತ್ಸಾಹಕ್ಕೆ ಎರಡು ಹಿಡಿ ಹಾಕಿದೆ. ಬೆಳಗಾಗುವುದರೊಳಗೆ ಊರಿನ ಇರುವೆಯೆಲ್ಲ ನಮ್ಮ ಗೋಡೆಗೆ ಜಾತ್ರೆ ಬಂದಿತ್ತು.

ಮಾರ್ಚ್ ಕೊನೆಗೆ ಹೊರಗೋಡೆಯ ಸಂದು ತುಂಬಲು ಹಿಡಿದೆ. ಭಾನುವಾರ ತುಂಬಿದ್ದು ಬುಧವಾರ ಬಿರುಕು ಬಿಟ್ಟಿತೆಂದು ಚಿಕ್ಕಮ್ಮ ಫೋಟೊ ಕಳಿಸಿದಳು. ಕಲಬುರಗಿ ಸೀಮೆಯ ಬಿಸಿಲು ಆಗಲೇ 40 ಡಿಗ್ರಿ ಮುಟ್ಟಿತ್ತು. ಸುಣ್ಣ ಗಟ್ಟಿಯಾಗುವುದು ಒಣಗಿ ಅಲ್ಲ, ತೇವದಲ್ಲಿದ್ದುಕೊಂಡು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಿ. ಒಣಕಲ್ಲಿಗೆ ಹಚ್ಚಿದ್ದರಿಂದ ಕಲ್ಲು ನೀರು ಕುಡಿದುಬಿಟ್ಟಿತ್ತು, ಉಳಿದದ್ದನ್ನು ಬಿಸಿಲು ಕುಡಿದಿತ್ತು. ಅಷ್ಟನ್ನೂ ಕೆರೆದು ತೆಗೆದು ಎರಡನೇ ಸಲ ಮಾಡಿದೆವು: ಹಿಂದಿನ ರಾತ್ರಿ ಗೋಡೆಗೆ ನೀರು, ಮುಂಜಾನೆ ಮತ್ತೆ ನೀರು, ಸಂಜೆ ಬಿಸಿಲು ಇಳಿದ ಮೇಲೆ ತುಂಬುವುದು, ಮೇಲೆ ಒದ್ದೆ ಗೋಣಿ ತಟ್ಟು ಇಳಿಬಿಡುವುದು, ಹತ್ತು ದಿನ ತಟ್ಟು ಒಣಗದ ಹಾಗೆ ನೋಡಿಕೊಳ್ಳುವುದು. ವಾರದ ನಡುವೆ ನಾನು ಊರಲ್ಲಿ ಇರುವುದಿಲ್ಲವಲ್ಲ. ತಟ್ಟಿಗೆ ನೀರು ಹೊಡೆಯಲು ಯಾರನ್ನು ಹೇಳುವುದು ಎಂದು ಯೋಚಿಸುತ್ತಿದ್ದಾಗ ಕಾಕಾ ಏನೂ ಮಾತಾಡದೆ ಪೈಪ್ ಎತ್ತಿಕೊಂಡ. ಮನೆ ಉಳಿಸುವ ಆಸೆಯಿಂದಲ್ಲ, "ದುಡ್ಡು ಹಾಕೀದಿ, ಹಾಳಾಗಬಾರ್ದು" ಅಂತ.

ಒಂದು ತಿಂಗಳ ಮೇಲೆ ಒಂದು ಸಂದನ್ನು ಮುರಿದು ಫಿನಾಲ್ಫ್ತಲೀನ್ ಸಿಂಪಡಿಸಿ ನೋಡಿದೆ, ಕಾಲೇಜಿನ ಲ್ಯಾಬಿನಲ್ಲಿ ಬಳಸುತ್ತಿದ್ದೆವಲ್ಲ ಅದೇ, ಇನ್ನೂ ಕಲ್ಲಾಗದ ಸುಣ್ಣ ತಾಗಿದರೆ ಗುಲಾಬಿಯಾಗುತ್ತದೆ. ಒಳಗೆ ಕಡು ಗುಲಾಬಿ, ಹೊರಗಿನ ಮೂರು ಮಿಲಿಮೀಟರಿನಷ್ಟು ಬಣ್ಣವಿಲ್ಲ. ಅಂದರೆ ಅಷ್ಟು ಮಾತ್ರ ತಿರುಗಿ ಕಲ್ಲಾಗಿತ್ತು. ಕಾಕಾನಿಗೆ ಈ ಗುಲಾಬಿ ಬಹಳ ಹಿಡಿಸಿತು, ನೋಡಲು ಬಂದವರಿಗೆಲ್ಲ ಇನ್ನೊಂದು ಸಲ ಸಿಂಪಡಿಸು ಎನ್ನುತ್ತಿದ್ದ.

ಒಳಗಿನ ಸಿಮೆಂಟ್ ತೆಗೆದದ್ದು ಏಪ್ರಿಲಿನಲ್ಲಿ. ನೆಲದ ತೇವ ಗೋಡೆಗೆ ಏರುವುದು ಈ ಮನೆಗೆ ಹೊಸದಲ್ಲ, ಅದು ಮಣ್ಣು-ಸುಣ್ಣದ ಸಂದಿನಿಂದ ಮೆಲ್ಲಗೆ ಆರಿಹೋಗುತ್ತಿತ್ತು. ನಾನು ನಾಲ್ಕು ಅಡಿ ಮುಚ್ಚಿದ್ದರಿಂದ ತೇವ ಐದನೇ ಅಡಿ ಹುಡುಕಿಕೊಂಡು ಹೋಯಿತು, ಜೊತೆಗೆ ನೆಲದ ಉಪ್ಪನ್ನೂ ಒಯ್ದಿತು. ಉಪ್ಪು ಕಲ್ಲಿನ ಮೈಯೊಳಗೆ ಹರಳಾಗಿ ಬಲಿತು ಕಲ್ಲನ್ನೇ ಪುಡಿ ಮಾಡಿತು. ಛೀಣಿಯನ್ನು ಓರೆ ಹಿಡಿದು ಮೆಲ್ಲಗೆ ಬಡಿದರೆ ಮೂರು ಗೋಡೆಯ ಗಿಲಾವು ದೊಡ್ಡ ದೊಡ್ಡ ಚಕ್ಕೆಗಳಾಗಿ ಬಿದ್ದಿತು, ಹಿಂದೆ ತೇವ ನಿಂತು ಮೊದಲೇ ಬಿಟ್ಟುಕೊಂಡಿತ್ತು. ನಾಲ್ಕನೆಯದು, ಅಡುಗೆಮನೆಯ ಕಡೆಯದು, ಬಿಡಲಿಲ್ಲ. ಎರಡು ಕಲ್ಲಿನ ಮುಖವೇ ಸಿಮೆಂಟಿನ ಜೊತೆ ಕಿತ್ತು ಬಂದಾಗ ಕೈ ತೆಗೆದೆ. ಆ ಎರಡು ಗಾಯ ನನ್ನ ಲೆಕ್ಕಕ್ಕೆ.

ನೆಲದ ವಿಷಯಕ್ಕೆ ನಿಜವಾದ ಜಗಳ ಆಯಿತು. ಕಂತ್ರಾಟುದಾರ ಮತ್ತೆ ಬಂದು, ಹಳೇ ಚೂರು ಎತ್ತಿ ಎರಡು ಬಾಯ್ ಎರಡರ ಮಶೀನ್ ಕಟ್ ಪಾಲಿಶ್ ಫರಸಿ ಹಾಕಿಬಿಡಿ, ಎರಡು ದಿನದ ಕೆಲಸ ಎಂದ. ಕಾಕಾನೂ ಅದಕ್ಕೇ ಹೂಂ ಎಂದ. ಅವತ್ತು ಸಂಜೆ ನಾನು ನೆಲ ತೊಳೆದು, ಟಾರ್ಚು ಓರೆ ಹಿಡಿದು, ಕಾಕಾನನ್ನು ಕೂರಿಸಿಕೊಂಡು ಕಲ್ಲು ಎಣಿಸಿದೆ. ಪಡಸಾಲೆಯಲ್ಲಿ 83 ತುಂಡು. ಒಂದರ ಅಳತೆ ಇನ್ನೊಂದಕ್ಕಿಲ್ಲ. ಮೂಲೆ ಮುರಿದ ಕಲ್ಲಿಗೆ ಸರಿಯಾಗಿ ಮೂರು ಮೂಲೆಯ ಚೂರು ಕಡಿದು ಕೂರಿಸಿದ್ದಾನೆ ಮುತ್ಯಾ, ಇಷ್ಟು ವರ್ಷದ ಮೇಲೂ ಸಂದಿನಲ್ಲಿ ಬೆರಳಿನ ಉಗುರು ಹೋಗುವುದಿಲ್ಲ. ಓರೆ ಬೆಳಕಿನಲ್ಲಿ ಅಂಚಿನ ಛೀಣಿ ಏಟು ಒಂದೊಂದೂ ಕಾಣುತ್ತದೆ, ಎಲ್ಲವೂ ಎಡಕ್ಕೆ ವಾಲಿಕೊಂಡಿವೆ. "ಅಪ್ಪ ಎಡಚ ಇದ್ದ" ಎಂದ ಕಾಕಾ, ಎಷ್ಟೋ ಹೊತ್ತಿನ ಮೇಲೆ. ನನಗೆ ಅದು ಗೊತ್ತೇ ಇರಲಿಲ್ಲ.

ಇಡೀ ಮನೆಯಲ್ಲಿ ಎರಡು ಬಾಯ್ ಎರಡರ ಪೂರಾ ಕಲ್ಲು ಒಂದೇ ಒಂದು. ನಾಲ್ಕೂ ಮೂಲೆ ನೆಟ್ಟಗೆ, ತಿಳಿ ಬೂದು ಬಣ್ಣ, ಒಂದು ಗೆರೆಯೂ ಇಲ್ಲದ ಮಾಲು. ಅದು ದೇವರ ಜಗಲಿಯ ಕೆಳಗಿದೆ. ಒಂದು ವಾರ ಕೂಲಿ ಕೊಡಲಿಕ್ಕಾಗದೆ ಖಣಿಯವರು ಬದಲಿಗೆ ಕೊಟ್ಟದ್ದೆಂದು ಚಿಕ್ಕಮ್ಮ ಹೇಳುತ್ತಾಳೆ. ಕಾಕಾ ನಕ್ಕು, "ಕೊಟ್ಟದ್ದೂ ಇಲ್ಲ ಏನೂ ಇಲ್ಲ, ಕಳವಿನ ಕಲ್ಲದು. ಅದಕ್ಕೇ ದೇವರ ಕೆಳಗ ಮುಚ್ಚಿಟ್ಟಾನ" ಎಂದ. ನೆಲ ಎತ್ತುವ ಮಾತು ಆಮೇಲೆ ಬರಲಿಲ್ಲ. ಕುಸಿದಿದ್ದ ಏಳು ತುಂಡುಗಳನ್ನಷ್ಟೇ ಎತ್ತಿ, ಕೆಳಗೆ ಮರಳು-ಸುಣ್ಣ ಹಾಸಿ, ಅವೇ ಜಾಗಕ್ಕೆ ಕೂರಿಸಿದೆ. ಎತ್ತುವಾಗ ಒಂದು ಒಡೆಯಿತು. ಹೊಸದು ಹಾಕಲಿಲ್ಲ, ಎರಡು ಚೂರಾಗಿಯೇ ಹಾಕಿದೆ, ಈಗ 84.

ಮೇನಲ್ಲಿ ಗೋಡೆ ತಿರುಗಿ ಕಟ್ಟಿದೆವು. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ: ನಂಬರಿನ ಪ್ರಕಾರ ಕಲ್ಲು, ನಡುವೆ ಮಣ್ಣಿಗೆ ಸ್ವಲ್ಪ ಸುಣ್ಣ, ಉದ್ದ ಕಲ್ಲು ಮೊದಲಿದ್ದ ಎರಡರ ಜಾಗದಲ್ಲಿ ಐದು. ಆ ಮೂರು ಹೊಸವು, ಅವುಗಳ ತುದಿಯಲ್ಲಿ ಇಸವಿ ಕೊರೆದಿದ್ದೇವೆ, ಮುಂದೆ ಬಿಚ್ಚುವವರಿಗೆ ಯಾವುದು ಮುತ್ಯಾನದು ಯಾವುದು ನಮ್ಮದು ಎಂದು ಗೊತ್ತಾಗಲಿ. ಮಾಳಿಗೆಯ ದೋಣಿಯ ಬಾಯಿ ಬಿಡಿಸಿ, ಇಳಿಜಾರು ಅದರ ಕಡೆಗೆ ಕೊಟ್ಟೆವು.

ಜೂನ್ ಎರಡನೇ ವಾರ ಮೊದಲ ದೊಡ್ಡ ಮಳೆ. ನಾನು ಊರಲ್ಲಿರಲಿಲ್ಲ. ರಾತ್ರಿ ಹತ್ತಕ್ಕೆ ಕಾಕಾನ ವಿಡಿಯೊ ಬಂತು. ದೋಣಿಯಿಂದ ನೀರು ಧೋ ಎಂದು ಅಂಗಳಕ್ಕೆ ಬೀಳುತ್ತಿತ್ತು. ಆಮೇಲೆ ಕ್ಯಾಮೆರಾ ಒಳಗೆ ಹೋಯಿತು. ಬೆಳಕಿಂಡಿಯ ಪಕ್ಕ ಒಂದು ಕಡೆ ಹನಿ, ಕೆಳಗೆ ಬಕೆಟ್ಟು. ಬೆಳಕಿಂಡಿಯ ಸುತ್ತ ಮಣ್ಣು ಸರಿಯಾಗಿ ಬಡಿದಿಲ್ಲ, ಬಿಸಿಲು ಬಿದ್ದಾಗ ಮತ್ತೆ ಹತ್ತಬೇಕು. ಅಡುಗೆಮನೆ ಕಡೆಯ ಗೋಡೆಯಲ್ಲಿ ಸಿಮೆಂಟು ಹಾಗೇ ಇದೆ, ಅದರ ಮೇಲಂಚಿನಲ್ಲಿ ಈ ಸಲವೂ ಉಪ್ಪು ಏಳುತ್ತದೆ. ಒಂದು ವರ್ಷ ನೋಡಿ ಮುಂದಿನದು ಎಂದುಕೊಂಡಿದ್ದೇನೆ.

ಮರುದಿನ ಫೋನ್ ಮಾಡಿದಾಗ ಕಾಕಾ ಮನೆಯ ಮಾತು ಎತ್ತಲಿಲ್ಲ, ಬಿತ್ತನೆ ಬಗ್ಗೆ ಮಾತಾಡಿದ. ಇಡುವ ಮೊದಲು, "ಗುಂಡ್ಯಾಗಿನ ಸುಣ್ಣ ಅರ್ಧ ಉಳದದ, ಒಣಗಬಾರ್ದಲ್ಲ, ಮ್ಯಾಲ ನೀರು ನಿಂದ್ರಿಸೀನಿ" ಎಂದ.